ವಯಸ್ಕರ ಶಿಕ್ಷಣ: ಪರೀಕ್ಷೆಗೆ ಮುನ್ನವೂ ಅನಂತರವೂ ಗ್ರಾಮ ಪಂಚಾಯಿತಿಯ ಹೊಣೆ



ಸಂವಿಧಾನದ 73ನೇ ತಿದ್ದುಪಡಿಯ ಮೂಲಕ ಸೇರ್ಪಡೆಯಾದ ಹನ್ನೊಂದನೇ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳಿವೆ. ಅವುಗಳಲ್ಲಿ 19ನೆಯದು ವಯಸ್ಕರ ಮತ್ತು ಅನೌಪಚಾರಿಕ ಶಿಕ್ಷಣ, 20ನೆಯದು ಗ್ರಂಥಾಲಯ. ಕುಡಿಯುವ ನೀರು, ಚರಂಡಿ, ಬೀದಿ ದೀಪಗಳ ಚರ್ಚೆಯ ನಡುವೆ ಈ ಎರಡು ವಿಷಯಗಳು ಸಾಮಾನ್ಯ ಸಭೆಯ ಕಾರ್ಯಸೂಚಿಗೆ ಬರುವುದು ವಿರಳ. 2011ರ ಜನಗಣತಿಯಂತೆ ಅವಿಭಜಿತ ಬಳ್ಳಾರಿ ಜಿಲ್ಲೆಯ ಸಾಕ್ಷರತೆ ಸುಮಾರು ಶೇ 67, ಮಹಿಳೆಯರದು ಸುಮಾರು ಶೇ 58. ರಾಜ್ಯದ ಸರಾಸರಿಯಾದರೋ ಶೇ 75ನ್ನು ದಾಟಿತ್ತು.

ಈಗ ಜಾರಿಯಲ್ಲಿರುವ ‘ಉಲ್ಲಾಸ್’ ನವಭಾರತ ಸಾಕ್ಷರತಾ ಕಾರ್ಯಕ್ರಮವು 15 ವರ್ಷ ಮೀರಿದ ಅನಕ್ಷರಸ್ಥರಿಗಾಗಿ ರೂಪಿತವಾದುದು. ಇದರ ಅವಧಿ 2022-23ರಿಂದ 2026-27ರವರೆಗೆ. ಹಿಂದಿನ ‘ಸಾಕ್ಷರ ಭಾರತ’ದಲ್ಲಿ ಪ್ರತಿ ಗ್ರಾಮ ಪಂಚಾಯಿತಿಯ ಲೋಕ ಶಿಕ್ಷಣ ಕೇಂದ್ರಕ್ಕೆ ಗೌರವಧನ ಪಡೆಯುವ ಇಬ್ಬರು ಪ್ರೇರಕರಿದ್ದರು. ಆ ಯೋಜನೆ 2018ರ ಮಾರ್ಚ್‌ಗೆ ಮುಗಿಯಿತು. ಈಗಿನ ಬೋಧಕರು ಸ್ವಯಂಸೇವಕರು, ಅವರಿಗೆ ಸಂಭಾವನೆಯಿಲ್ಲ. ಆದುದರಿಂದ ಬೋಧಕರನ್ನು ಗುರುತಿಸುವುದು, ಸ್ಥಳ ಒದಗಿಸುವುದು, ತರಗತಿ ನಿಂತಾಗ ವಿಚಾರಿಸುವುದು ಮುಂತಾದ ಹೊಣೆಯಲ್ಲಿ ಬಹುಪಾಲು ಊರಿನವರ ಮೇಲೆಯೇ ಬಿದ್ದಿದೆ. ಹಿಂದಿನ ಪ್ರೇರಕರು ಇನ್ನೂ ಊರಿನಲ್ಲಿದ್ದರೆ ಮೊದಲು ಅವರನ್ನೇ ಕೇಳುವುದು ಒಳಿತು. ಯಾವ ಮನೆಯಲ್ಲಿ ಯಾರಿಗೆ ಅಕ್ಷರ ಬಾರದೆಂಬುದು ಯಾವ ಸಮೀಕ್ಷೆಗಿಂತಲೂ ಚೆನ್ನಾಗಿ ಅವರಿಗೆ ಗೊತ್ತು.

ಕಲಿಕೆಯ ಕೊನೆಗೆ ನಡೆಯುವ ಮೂಲ ಸಾಕ್ಷರತಾ ಪರೀಕ್ಷೆ 150 ಅಂಕಗಳದು. ಓದು, ಬರಹ, ಲೆಕ್ಕಕ್ಕೆ ತಲಾ 50. ಹೆಸರು ಬರೆಯಲು ಕಲಿತ ಮಾತ್ರಕ್ಕೆ ಸಾಕ್ಷರರೆಂದು ಪಟ್ಟಿಗೆ ಸೇರಿಸುವ ಅಭ್ಯಾಸ ನಮ್ಮಲ್ಲಿ ಹಳೆಯದು. ಮೆಣಸಿನಕಾಯಿಯನ್ನು ಬ್ಯಾಡಗಿ ಮಾರುಕಟ್ಟೆಗೆ ಒಯ್ದ ರೈತನು ತೂಕದ ಚೀಟಿಯನ್ನೂ ಕಡಿತದ ಮೊತ್ತವನ್ನೂ ತಾನೇ ಓದಿಕೊಳ್ಳಬೇಕು. ಸಂಘದ ಸಾಲ ಪಡೆದ ಮಹಿಳೆಯು ತನ್ನ ಪುಸ್ತಕದಲ್ಲಿ ಬಾಕಿ ಎಷ್ಟೆಂದು ಕಾಣಬೇಕು. ಸಹಿ ಇಲ್ಲಿ ನೆರವಿಗೆ ಬಾರದು.

ತರಗತಿಗಳು ಮುರಿದು ಬೀಳುವುದಕ್ಕೆ ಕಲಿಯುವವರ ನಿರಾಸಕ್ತಿಯೇ ಕಾರಣವೆಂದು ವರದಿಗಳಲ್ಲಿ ಬರೆಯುವುದು ಸುಲಭ. ಸಿರುಗುಪ್ಪದ ಗದ್ದೆಗಳಿಗೆ ತುಂಗಭದ್ರಾ ಕಾಲುವೆಯ ನೀರು ಬಂದು ನಾಟಿ ಆರಂಭವಾದ ಮೇಲೆ ಮಹಿಳೆಯರು ಬೆಳಗಿನಿಂದ ಸಂಜೆಯವರೆಗೆ ಕೆಸರಿನಲ್ಲಿರುತ್ತಾರೆ. ಕುರುಗೋಡು ಭಾಗದಲ್ಲಿ ಹತ್ತಿ, ಮೆಣಸಿನಕಾಯಿ ಬಿಡಿಸುವ ದಿನಗಳಲ್ಲಿಯೂ ಅದೇ ಸ್ಥಿತಿ. ಬಳ್ಳಾರಿ ನಗರದ ಜೀನ್ಸ್ ಹೊಲಿಗೆ ಘಟಕಗಳಿಗೆ ಹೋಗಿ ಬರುವವರಿಗೆ ಹಗಲಿನ ತರಗತಿಯಿಂದ ಪ್ರಯೋಜನವಿಲ್ಲ. ಕಲಿಕೆಯ ವೇಳಾಪಟ್ಟಿಯನ್ನು ಶಾಲೆಯ ಕ್ಯಾಲೆಂಡರಿಗೆ ಹೊಂದಿಸದೆ ನಾಟಿ ಮತ್ತು ಕೊಯ್ಲಿಗೆ ಹೊಂದಿಸಿ, ಬಿಡುವಿನ ತಿಂಗಳುಗಳಲ್ಲಿ ಹೆಚ್ಚು ಗಂಟೆ ಕಲಿಸುವ ತೀರ್ಮಾನವನ್ನು ವಾರ್ಡಿನ ಸದಸ್ಯರು ಕಲಿಕಾರ್ಥಿಗಳೊಡನೆ ಕುಳಿತೇ ಕೈಗೊಳ್ಳಬಹುದು. ಇನ್ನೊಂದು ಮಾತು: ಗಡಿಯ ಅನೇಕ ಊರುಗಳಲ್ಲಿ ಮನೆಮಾತು ತೆಲುಗು. ಅಲ್ಲಿ ಎರಡೂ ಭಾಷೆ ಬಲ್ಲ ಬೋಧಕರಿಲ್ಲದಿದ್ದರೆ ಕಲಿಯುವವರು ಅಕ್ಷರದ ಜೊತೆಗೆ ಭಾಷೆಯನ್ನೂ ಹೊಸದಾಗಿ ಕಲಿಯಬೇಕಾಗುತ್ತದೆ.

ಹೆಚ್ಚಿನ ನಷ್ಟವಾಗುವುದು ಪರೀಕ್ಷೆಯ ಅನಂತರ. ಪ್ರಮಾಣಪತ್ರ ಪೆಟ್ಟಿಗೆ ಸೇರುತ್ತದೆ, ಓದು ಮರೆತುಹೋಗುತ್ತದೆ. ಎಂಟನೇ ತರಗತಿಗೆ ಶಾಲೆ ಬಿಟ್ಟು ಮದುವೆಯಾದ ಹೆಣ್ಣುಮಕ್ಕಳ ಸಂಖ್ಯೆಯೂ ನಮ್ಮಲ್ಲಿ ಸಣ್ಣದಲ್ಲ. ಅಂಗನವಾಡಿ ಸಹಾಯಕಿಯ ಹುದ್ದೆಗೂ ಈಗ ಎಸ್ಸೆಸ್ಸೆಲ್ಸಿ ಬೇಕು. ಇವರಿಗೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ದಾರಿಯಿದೆ. ಮೂರು, ಐದು ಹಾಗೂ ಎಂಟನೇ ತರಗತಿಗೆ ಸಮಾನವಾದ ಹಂತಗಳು ಅಲ್ಲಿವೆ. ಹತ್ತನೇ ತರಗತಿಯ ಹಂತಕ್ಕೆ 14 ವರ್ಷ ತುಂಬಿರಬೇಕು. ಗರಿಷ್ಠ ವಯಸ್ಸಿನ ಮಿತಿಯಿಲ್ಲ. ಕನಿಷ್ಠ ಒಂದು ಭಾಷೆ ಸೇರಿ ಐದು ವಿಷಯಗಳಲ್ಲಿ ತೇರ್ಗಡೆಯಾಗಬೇಕು, ಗಣಿತ ಕಡ್ಡಾಯವಲ್ಲ. ಒಂದು ಬಾರಿಗೆ ಒಂದೆರಡು ವಿಷಯಗಳನ್ನಷ್ಟೇ ಬರೆದು, ಐದು ವರ್ಷಗಳೊಳಗೆ ಒಂಬತ್ತು ಅವಕಾಶಗಳಲ್ಲಿ ಪೂರ್ಣಗೊಳಿಸಬಹುದು. ಕೂಲಿಗೆ ಹೋಗುವವರಿಗೆ ಈ ಬಿಡಿಬಿಡಿಯಾದ ಏರ್ಪಾಟು ಬಹಳ ಅನುಕೂಲಕರ. ನೋಂದಣಿಗೆ ಮುನ್ನ ಪಠ್ಯದ ಮಾಧ್ಯಮವನ್ನು ಖಚಿತಪಡಿಸಿಕೊಳ್ಳಬೇಕು. ತೇರ್ಗಡೆ ಖಚಿತವೆಂದು ಹಣ ಕೇಳುವ ಮಧ್ಯವರ್ತಿಗಳಿಂದ ಜನರನ್ನು ದೂರವಿಡಬೇಕು. ಪಿಯುಸಿಗೆ ಸಮಾನವಾದ ಹಂತವನ್ನೂ ದಾಟಿದವರಿಗೆ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದ ಪ್ರಾದೇಶಿಕ ಕೇಂದ್ರ ಬಳ್ಳಾರಿ ನಗರದಲ್ಲಿಯೇ ಇದೆ.

ಇಂಥವರಿಗೆ ಪುಸ್ತಕಕ್ಕಿಂತ ಹೆಚ್ಚಾಗಿ ಬೇಕಾಗಿರುವುದು ಅರ್ಥವಾಗದುದನ್ನು ಕೇಳಲು ಒಬ್ಬರು, ಕುಳಿತು ಓದಲು ಒಂದು ಸ್ಥಳ. 2019ರಿಂದ ಗ್ರಾಮೀಣ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಅಧೀನಕ್ಕೆ ಬಂದು ಇಂದು ಅರಿವು ಕೇಂದ್ರಗಳಾಗಿವೆ. ವಾರಕ್ಕೆ ಎರಡು ಸಂಜೆ ಅದರ ಬಾಗಿಲು ತೆರೆದಿದ್ದು, ಊರಿನ ಒಬ್ಬ ಪದವೀಧರರು ಲೆಕ್ಕವನ್ನೋ ಇಂಗ್ಲಿಷನ್ನೋ ಹೇಳಿಕೊಟ್ಟರೆ ಅದೇ ಕಲಿಕಾ ಬೆಂಬಲ. ಪರೀಕ್ಷಾ ಶುಲ್ಕ ಹೊಂದಿಸಲಾಗದವರ ಹೆಸರುಗಳನ್ನು ಸಾಮಾಜಿಕ ನ್ಯಾಯ ಸಮಿತಿಯ ಸಭೆಯಲ್ಲಿ ಮಂಡಿಸಬಹುದು.

ನಮ್ಮ ನಡುವೆಯೇ ಹೆಬ್ಬೆಟ್ಟು ಒತ್ತಿ ಹಾಜರಿ ಹಾಕುವ ಸದಸ್ಯರಿದ್ದಾರೆ. ಚುನಾಯಿತ ಸದಸ್ಯರನ್ನು ಸಾಕ್ಷರರನ್ನಾಗಿಸಲು ‘ಸಾಕ್ಷರ ಸನ್ಮಾನ’ ಎಂಬ ಕಾರ್ಯಕ್ರಮವನ್ನೇ ರಾಜ್ಯದಲ್ಲಿ ರೂಪಿಸಲಾಯಿತು. ನಡಾವಳಿಯನ್ನು ಬೇರೆಯವರಿಂದ ಓದಿಸಿ ಕೇಳುವ ಸದಸ್ಯೆಯೊಬ್ಬರು ಮೊದಲ ದಿನವೇ ಸ್ಲೇಟು ಹಿಡಿದು ಕುಳಿತರೆ, ನಾಚಿಕೆಯಿಂದ ಹಿಂಜರಿಯುವ ನೆರೆಮನೆಯವರೂ ಮರುದಿನ ಬರುವರು. ಮುಂದಿನ ಗ್ರಾಮ ಸಭೆಯ ಕಾರ್ಯಸೂಚಿಯಲ್ಲಿ ಕಲಿಕಾರ್ಥಿಗಳ ಪಟ್ಟಿ, ಬೋಧಕರ ಹೆಸರು ಮತ್ತು ತರಗತಿಯ ವೇಳೆ ಎಂಬ ಮೂರು ಅಂಶಗಳನ್ನು ಸೇರಿಸುವಂತೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳಿಗೆ ಈಗಲೇ ತಿಳಿಸಬಹುದು.