ಐಡ್ಲಿಂಗ್ ನಿಲ್ಲದ ಕಾರು

1947ರವರೆಗೆ ಕಡೂರು ಜಿಲ್ಲೆ ಎಂದೇ ಕರೆಯುತ್ತಿದ್ದ ಈಗಿನ ಚಿಕ್ಕಮಗಳೂರು ಜಿಲ್ಲೆಗೆ ರ‍್ಯಾಲಿಯ ಹುಚ್ಚು ಹತ್ತಿಸಿದ್ದು ಕಾಫಿ ತೋಟದ ಮಣ್ಣುದಾರಿಗಳು. ಏಷ್ಯಾ ಪೆಸಿಫಿಕ್ ರ‍್ಯಾಲಿ ಚಾಂಪಿಯನ್‌ಷಿಪ್‌ನ ಭಾರತದ ಸುತ್ತು ನಡೆದದ್ದೂ ಅಲ್ಲೇ. ಆ ಚಾಂಪಿಯನ್‌ಷಿಪ್ಪನ್ನು 2013, 2016 ಮತ್ತು 2017ರಲ್ಲಿ ಗೆದ್ದ ಗೌರವ್ ಗಿಲ್ ಓಡಿಸಿದ ದಾರಿಗಳವು. ಆ ಹುಚ್ಚು ಘಟ್ಟ ಇಳಿದು ಬಯಲಿಗೂ ಬಂದಿದೆ. ಕಡೂರು, ತರೀಕೆರೆ, ಅಜ್ಜಂಪುರದ ಹುಡುಗರು ಹಳೆಯ ಜಿಪ್ಸಿಯನ್ನೋ ಎಸ್ಟೀಮನ್ನೋ ಕೊಂಡು, ವಾಲ್ವ್ ತೆರೆಯುವ ಕ್ಯಾಮ್ ಬದಲಿಸಿ, ಫ್ರೀ ಫ್ಲೋ ಸೈಲೆನ್ಸರ್ ಹಾಕಿಸುತ್ತಾರೆ. ಗಾಡಿ ಹಾರುತ್ತದೆ. ಆದರೆ ಗೇಟ್ ಬಿದ್ದು ರೈಲಿಗೆ ಕಾಯುವಾಗ ಆರ್‌ಪಿಎಂ ಮುಳ್ಳು 700ಕ್ಕೂ 1,800ಕ್ಕೂ ನಡುವೆ ತೂಗಾಡಿ ಎಂಜಿನ್ ಆಫ್ ಆಗುತ್ತದೆ.

ಈ ತೊಂದರೆ ಇವತ್ತಿನ ರೂಪಕ್ಕೆ ಬಂದದ್ದು ಹೇಗೆಂದು ತಿಳಿಯಲು ಕಾರ್ಬುರೇಟರ್ ಕಾಲಕ್ಕೆ ಹೋಗಬೇಕು. ಪದ್ಮಿನಿ, ಅಂಬಾಸಿಡರ್ ಓಡುತ್ತಿದ್ದಾಗ ಐಡ್ಲಿಂಗ್, ಅಂದರೆ ಆಕ್ಸಿಲರೇಟರ್ ಒತ್ತದಿದ್ದಾಗಿನ ಎಂಜಿನ್ ಓಟ, ಎರಡು ಸ್ಕ್ರೂಗಳ ಕೈಯಲ್ಲಿತ್ತು. ಒಂದು ಥ್ರಾಟಲ್ ತಟ್ಟೆಯನ್ನು ಕೂದಲೆಳೆಯಷ್ಟು ತೆರೆದಿಡುತ್ತಿತ್ತು, ಇನ್ನೊಂದು ಗಾಳಿ–ಪೆಟ್ರೋಲ್ ಬೆರಕೆಯ ಹದ ಕಾಯುತ್ತಿತ್ತು. ಮಿಕ್ಕದ್ದೆಲ್ಲ ಮೆಕ್ಯಾನಿಕ್ಕಿನ ಕಿವಿ. ಆ ವಿದ್ಯೆ ಸಣ್ಣದಲ್ಲ. ಆದರೆ ಕಾರ್ಬುರೇಟರಿಗೆ ಗಾಳಿಯ ತೂಕ ಗೊತ್ತಾಗುತ್ತಿರಲಿಲ್ಲ. ಸುಮಾರು 700 ಮೀಟರ್ ಎತ್ತರದ ತರೀಕೆರೆಯಿಂದ ಲಿಂಗದಹಳ್ಳಿ ಮೇಲೆ 1,434 ಮೀಟರಿನ ಕೆಮ್ಮಣ್ಣುಗುಂಡಿಗೆ ಹತ್ತಿದರೆ ಗಾಳಿ ಶೇ 7ರಷ್ಟು ತೆಳುವಾಗುತ್ತದೆ, ಪೆಟ್ರೋಲ್ ಮಾತ್ರ ಅಷ್ಟು ಇಳಿಯುವುದಿಲ್ಲ. ಕೆಳಗೆ ಚೆನ್ನಾಗಿ ಟ್ಯೂನ್ ಮಾಡಿದ ಗಾಡಿ ಮೇಲೆ ಹೊಗೆಯುಗುಳಿ ನಿಲ್ಲುತ್ತಿದ್ದುದು ಇದಕ್ಕೇ.

1967ರಲ್ಲಿ ಬಾಷ್ ಕಂಪನಿ ಫೋಕ್ಸ್‌ವ್ಯಾಗನ್ 1600ಕ್ಕೆ ಡಿ–ಜೆಟ್ರಾನಿಕ್ ಕೊಟ್ಟಿತು. ಮ್ಯಾನಿಫೋಲ್ಡ್ ಒಳಗಿನ ಒತ್ತಡ ಅಳೆದು ಎಷ್ಟು ಪೆಟ್ರೋಲ್ ಸಿಂಪಡಿಸಬೇಕೆಂದು ಲೆಕ್ಕ ಹಾಕುವ ಎಲೆಕ್ಟ್ರಾನಿಕ್ ವ್ಯವಸ್ಥೆ ಅದು. ನಮ್ಮಲ್ಲಿ ಅದರ ಮೊಮ್ಮಕ್ಕಳು ಮನೆಮಾತಾದದ್ದು 2000ದ ಏಪ್ರಿಲ್‌ನಲ್ಲಿ ದೇಶಕ್ಕೆಲ್ಲ ಹೊಸ ಮಾಲಿನ್ಯ ನಿಯಮ ಬಂದ ಸುಮಾರಿಗೆ, ಎಂಪಿಎಫ್‌ಐ ಎಂಬ ಹೆಸರಿನಲ್ಲಿ. ಐಡ್ಲಿಂಗ್ ಸ್ಕ್ರೂಗಳ ಕೈತಪ್ಪಿ ಇಸಿಯು ಎಂಬ ಎಂಜಿನ್ ಕಂಪ್ಯೂಟರಿನ ಪಾಲಾಯಿತು. ಥ್ರಾಟಲ್ ಮುಚ್ಚಿದಾಗ ಪಕ್ಕದ ಸಣ್ಣ ದಾರಿಯಲ್ಲಿ ಗಾಳಿ ಬಿಡಲು ಒಂದು ವಾಲ್ವ್. ಆರ್‌ಪಿಎಂ ತುಸು ಕುಸಿದರೆ ಸ್ಪಾರ್ಕ್ ಮುಂಚೆ, ಏರಿದರೆ ತಡವಾಗಿ. ಗಾಳಿಯ ಬದಲಾವಣೆ ಸಿಲಿಂಡರ್ ಮುಟ್ಟಲು ಹೊತ್ತು ಹಿಡಿಯುತ್ತದೆ, ಸ್ಪಾರ್ಕಿನದು ಮುಂದಿನ ಹೊಡೆತಕ್ಕೇ ತಟ್ಟುತ್ತದೆ. ಕಂಪನಿ ಎಂಜಿನ್ನು 850ರ ಆಸುಪಾಸಿನಲ್ಲಿ ಅಲುಗದೆ ನಿಲ್ಲುವುದು ಇವೆರಡೂ ಕೂಡಿ ದುಡಿಯುವುದರಿಂದ. ಮಾಡಿಫೈ ಮಾಡುವವರು ಕೈ ಹಾಕುವುದು ಈ ಹೊಂದಾಣಿಕೆಗೇ.

ಅಜ್ಜಂಪುರದವರಿಗೆ ಇದನ್ನು ವಿವರಿಸುವುದು ಸುಲಭ. ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರದ ಊರದು. ಹೈದರ್, ಟಿಪ್ಪು ಕಾಲದಲ್ಲಿ ಸೈನ್ಯದ ಸಾಮಾನು ಹೊತ್ತು ಓಡಿದ ಆ ತಳಿಯಲ್ಲಿ ಬೆಳೆಸಿದ್ದು ವೇಗ ಮತ್ತು ತಾಳಿಕೆ. ಹಾಲು ಮಾತ್ರ ಕಡಿಮೆ. ರೇಸ್ ಕ್ಯಾಮ್ ಕೂಡ ಹಾಗೆಯೇ. ಹೊಗೆ ಹೋಗುವ ವಾಲ್ವ್ ಮುಚ್ಚುವ ಮೊದಲೇ ಗಾಳಿಯ ವಾಲ್ವನ್ನು ಅದು ಬೇಗ ತೆರೆಯುತ್ತದೆ. 6,000 ಆರ್‌ಪಿಎಂನಲ್ಲಿ ಅದೇ ಶಕ್ತಿ. 850ರಲ್ಲಿ ಸುಟ್ಟ ಹೊಗೆ ಹಿಮ್ಮುಖವಾಗಿ ಮ್ಯಾನಿಫೋಲ್ಡಿಗೆ ನುಗ್ಗಿ ವ್ಯಾಕ್ಯೂಮ್ ಬೀಳಿಸುತ್ತದೆ. ಒತ್ತಡ ಏರಿದ್ದನ್ನು ಕಂಡ ಸೆನ್ಸರ್ ಎಂಜಿನ್ ಮೇಲೆ ಭಾರ ಬಿದ್ದಿದೆಯೆಂದು ತಿಳಿಸುತ್ತದೆ, ಇಸಿಯು ಪೆಟ್ರೋಲ್ ಸುರಿಯುತ್ತದೆ, ಪ್ಲಗ್ ಕಪ್ಪಾಗುತ್ತದೆ. ಇಲ್ಲಿ ಕೆಟ್ಟದ್ದು ಯಾವ ಪಾರ್ಟೂ ಅಲ್ಲ. ಸೆನ್ಸರ್ ಬದಲಿಸಿ ದುಡ್ಡು ಕಳೆಯುವ ಹುಡುಗರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಹಾಗೆಂದು ಎಲ್ಲವನ್ನೂ ಕ್ಯಾಮ್ ತಲೆಗೆ ಕಟ್ಟಬಾರದು. ಗ್ಯಾರೇಜಿನಲ್ಲಿ ‘ಏರ್ ಎಳೀತಿದೆ’ ಅನ್ನುತ್ತಾರಲ್ಲ, ಮೊದಲ ಅನುಮಾನ ಅಲ್ಲಿರಬೇಕು. ಬಿಸಿಲಿಗೆ ಗಟ್ಟಿಯಾಗಿ ಬಿರಿದ ವ್ಯಾಕ್ಯೂಮ್ ಪೈಪು, ದೊಡ್ಡ ಥ್ರಾಟಲ್ ಬಾಡಿಗೆ ಸರಿಯಾಗಿ ಕೂರದ ಗ್ಯಾಸ್ಕೆಟ್. ಒತ್ತಡ ಅಳೆಯುವ ಈ ಎಂಜಿನ್ನುಗಳಲ್ಲಿ ಕಳ್ಳಗಾಳಿ ಬಂದರೂ ಇಸಿಯು ಅದಕ್ಕೆ ತಕ್ಕ ಪೆಟ್ರೋಲ್ ಕೊಡುತ್ತದೆ. ಆದ್ದರಿಂದ ಐಡ್ಲಿಂಗ್ ಬೀಳುವ ಬದಲು ಏರುತ್ತದೆ. ಕಾಲು ತೆಗೆದಿದ್ದರೂ ವೇಗ ಹೆಚ್ಚಿದೆಯಲ್ಲ ಎಂದು ಇಸಿಯು ಪೆಟ್ರೋಲ್ ಕಡಿದುಹಾಕುತ್ತದೆ, ಎಂಜಿನ್ ಕುಸಿಯುತ್ತದೆ, ಮತ್ತೆ ಪೆಟ್ರೋಲ್, ಮತ್ತೆ ಏರಿಕೆ. ಮುಳ್ಳಿನ ತೂಗಾಟಕ್ಕೆ ಬಹಳ ಸಲ ಇದೇ ಕಾರಣ. ಬಿಸಿ ಎಂಜಿನ್ ಮೇಲೆ ಕಾರ್ಬ್ ಕ್ಲೀನರ್ ಹೊಡೆದು ಲೀಕ್ ಹುಡುಕುವ ಅಭ್ಯಾಸವಿದೆ. ಬೆಂಕಿ ಹತ್ತೀತು, ಬೇಡ. ಎಂಜಿನ್ ಆಫ್ ಮಾಡಿ ಇನ್‌ಟೇಕ್ ಒಳಗೆ ಹೊಗೆ ಊದಿದರೆ ಬಿರುಕು ತಾನೇ ಕಾಣುತ್ತದೆ.

ಲೀಕ್ ಇಲ್ಲದಿದ್ದರೆ ಮುಂದಿನದು ಥ್ರಾಟಲ್ ಬಾಡಿ. ಎಂಜಿನ್ನಿನ ಆಯಿಲ್ ಆವಿ ಅಲ್ಲಿ ಅಂಟುತ್ತದೆ. ಅಗ್ಗದ ಓಪನ್ ಫಿಲ್ಟರ್ ದಾಟಿ ಬಂದ ಬಯಲುಸೀಮೆಯ ನುಣ್ಣನೆ ಧೂಳು ಅದರೊಂದಿಗೆ ಸೇರಿ ಕರಿ ಪದರವಾಗಿ ಐಡಲ್ ದಾರಿ ಮುಚ್ಚುತ್ತದೆ. ಬ್ಯಾಟರಿಯ ಅರ್ಥಿಂಗ್ ನೋಡಬೇಕು, ಥ್ರಾಟಲ್ ಸೆನ್ಸರ್ ಸೊನ್ನೆಯನ್ನು ಸೊನ್ನೆ ಎಂದೇ ತೋರಿಸುತ್ತಿದೆಯೇ ನೋಡಬೇಕು. ವ್ಯಾಕ್ಯೂಮ್ ಗೇಜ್ ಇಡುವವರು ಇನ್ನೊಂದು ನೆನಪಿಡಲಿ: ಸಮುದ್ರಮಟ್ಟದಲ್ಲಿ 18ರಿಂದ 20 ಇಂಚು ತೋರಿಸುವ ಒಳ್ಳೆಯ ಎಂಜಿನ್ ಕಡೂರಿನ ಎತ್ತರದಲ್ಲಿ ಎರಡೂವರೆ ಇಂಚು ಕಡಿಮೆಯೇ ತೋರಿಸುತ್ತದೆ. ಅದು ಕಾಯಿಲೆಯಲ್ಲ.

ಇಷ್ಟಾದ ಮೇಲೆ ರೀಮ್ಯಾಪ್, ಅಂದರೆ ಇಸಿಯು ಒಳಗಿನ ಲೆಕ್ಕ ತಿದ್ದುವುದು. ಫುಲ್ ಥ್ರಾಟಲ್ ಲೆಕ್ಕ ಮಾತ್ರ ತಿದ್ದಿ ಕೈ ತೊಳೆದುಕೊಳ್ಳುವ ಟ್ಯೂನರನಿಗೆ ಐಡಲ್ ಜಾಗದ ಪೆಟ್ರೋಲ್ ಮತ್ತು ಟೈಮಿಂಗ್ ಪಟ್ಟಿಯನ್ನೂ ಕೂತು ಬರೆಯಿರಿ ಎಂದು ಪಟ್ಟುಹಿಡಿದು ಕೇಳಬೇಕು. ದೊಡ್ಡ ಕ್ಯಾಮ್ ಹಾಕಿದ ಗಾಡಿಯನ್ನು 850ಕ್ಕೆ ಇಳಿಸಲು ಹೋಗದೆ 1,000–1,100ಕ್ಕೆ ನಿಲ್ಲಿಸಿದರೆ ಹೆಡ್‌ಲೈಟ್ ಹಾಕಿದರೂ ಆಫ್ ಆಗದು. ಥ್ರಾಟಲ್‌ನ ಸ್ಟಾಪ್ ಸ್ಕ್ರೂ ಮಾತ್ರ ಮುಟ್ಟಬೇಡಿ, ಕಾರ್ಖಾನೆಯಲ್ಲಿ ಅದಕ್ಕೆ ಬಣ್ಣ ಹಚ್ಚಿ ಸೀಲ್ ಮಾಡಿರುವುದು ಯಾರೂ ತಿರುಗಿಸದಿರಲೆಂದೇ.