ವೈನ್ 'ಡ್ರೈ' ಆಗೋದು ಹೇಗೆ? ಇಟಲಿಯ ಸೋವಾವೆ, ಖಾನಾಪುರದ ಮಳೆ, ಅಥಣಿಯ ಲೆಕ್ಕ

ಖಾನಾಪುರದ ಕೇಳುಗರೊಬ್ಬರು ಈ ವಾರದ ಪ್ರಶ್ನೆ ಕಳಿಸಿದ್ದಾರೆ. ಗೋವಾಕ್ಕೆ ಹೋದಾಗ ಅಂಗಡಿಯಲ್ಲಿ ಇಟಲಿಯ ಬಾಟಲಿ ನೋಡಿದ್ರಂತೆ. ಹೆಸರು 'ಸೋವಾವೆ', ಡ್ರೈ ವೈಟ್ ವೈನ್. ಅವರು ಕೇಳಿರೋದು ಎರಡು: ಕುಡಿಯೋ ವಸ್ತು 'ಡ್ರೈ' ಹೇಗಾಗತ್ತೆ? ನಮ್ಮ ಬೆಳಗಾವಿ ಜಿಲ್ಲೆಯಲ್ಲೂ ದ್ರಾಕ್ಷಿ ಬೆಳೀತೀವಲ್ಲ, ಇಲ್ಲಿ ಯಾಕೆ ಇಂಥದ್ದು ಆಗಲ್ಲ?

ಮೊದಲು ಒಂದು ಮಾತು. ಬೆಳಗಾವಿಯಲ್ಲಿ 'ವೈನ್ಸ್' ಅಂತ ಬೋರ್ಡ್ ಇರೋ ಅಂಗಡಿಯಲ್ಲಿ ಹೆಚ್ಚಾಗಿ ಮಾರಾಟ ಆಗೋದು ವಿಸ್ಕಿ, ರಮ್ಮು, ಬಿಯರು. ನಾನು ಹೇಳ್ತಿರೋದು ದ್ರಾಕ್ಷಿ ರಸ ಹುದುಗಿಸಿ ಮಾಡೋ ನಿಜವಾದ ವೈನ್ ಬಗ್ಗೆ.

ದೋಸೆ ಹಿಟ್ಟು ರಾತ್ರಿ ಹುದುಗುತ್ತಲ್ಲ, ಹೆಚ್ಚುಕಮ್ಮಿ ಹಾಗೇ ಇದೂ. ರಸದಲ್ಲಿರೋ ಸಕ್ಕರೆಯನ್ನ ಯೀಸ್ಟ್ ತಿಂದು ಆಲ್ಕೋಹಾಲ್ ಮಾಡುತ್ತೆ. ಸಕ್ಕರೆ ಹೆಚ್ಚುಕಡಿಮೆ ಪೂರ್ತಿ ಖಾಲಿಯಾದರೆ ಆ ವೈನ್ 'ಡ್ರೈ'. ಸಾಮಾನ್ಯವಾಗಿ ಲೀಟರಿಗೆ 4 ಗ್ರಾಂವರೆಗೆ ಮಾತ್ರ ಸಕ್ಕರೆ ಉಳಿದಿರುತ್ತೆ. ಅಂದ್ರೆ ಡ್ರೈ ಅಂದ್ರೆ 'ಸಿಹಿ ಇಲ್ಲ', ಅಷ್ಟೇ. ಬಾಯಿ ಒಣಗಿದ ಹಾಗೆ ಆಗೋ ಒಗರು ಬೇರೆ. ಅದು ಸಿಪ್ಪೆ, ಬೀಜದಿಂದ ಬರೋದು, ಕೆಂಪು ವೈನಿನಲ್ಲಿ ಜಾಸ್ತಿ. ಬಿಳಿ ವೈನಿಗೆ ಸಾಮಾನ್ಯವಾಗಿ ಹಣ್ಣು ಹಿಂಡಿ, ಸಿಪ್ಪೆ ತೆಗೆದು, ಬರೀ ರಸವನ್ನ ಹುದುಗಿಸ್ತಾರೆ.

ಸಿಹಿ ಹೋದ ಮೇಲೆ ಉಳಿಯೋ ರುಚಿ ಏನು? ಹುಳಿ. ಹಗುರವಾದ ಬಿಳಿ ವೈನ್ ನಿಂತಿರೋದೇ ಅದರ ಮೇಲೆ. ಹುಳಿ ಕಡಿಮೆಯಾದರೆ ನಿಂಬೆ ಹಿಂಡದ ಶರಬತ್ತಿನ ಹಾಗೆ ಸಪ್ಪೆ.

ಸೋವಾವೆ ಅನ್ನೋದು ಉತ್ತರ ಇಟಲಿಯಲ್ಲಿ, ವೆರೋನಾ ನಗರದ ಪೂರ್ವಕ್ಕಿರೋ ಒಂದು ಊರು. ಊರ ಹೆಸರೇ ವೈನಿನ ಹೆಸರು. 1968ರಿಂದ ಇದಕ್ಕೆ ಕಾನೂನಿನ ರಕ್ಷಣೆ ಇದೆ. ಕನಿಷ್ಠ ನೂರಕ್ಕೆ 70 ಭಾಗ 'ಗಾರ್ಗಾನೆಗಾ' ಅನ್ನೋ ತಳಿ ಇರಲೇಬೇಕು. ಉಳಿದದ್ದಕ್ಕೆ ಮುಖ್ಯವಾಗಿ ತ್ರೆಬ್ಬಿಯಾನೊ ದಿ ಸೋವಾವೆ, ಶಾರ್ಡನೆ ಬಳಸ್ತಾರೆ. ಗಾರ್ಗಾನೆಗಾ ತಡವಾಗಿ ಹಣ್ಣಾಗೋ ತಳಿ. ಮೂಗಿಗೆ ನಿಂಬೆ, ಬಾದಾಮಿಯ ವಾಸನೆ.

ಇಲ್ಲಿ ನನಗೆ ಮಜಾ ಅನ್ನಿಸಿದ್ದು ನಮ್ಮ ಅಥಣಿಗೂ ಸೋವಾವೆಗೂ ಇರೋ ಹೋಲಿಕೆ. ಸೋವಾವೆಯ ಹಳೆಯ ಗುಡ್ಡಗಳಲ್ಲಿ ತುಂಬಾ ಕಡೆ ಜ್ವಾಲಾಮುಖಿಯಿಂದ ಬಂದ ಕಪ್ಪು ಕಲ್ಲಿನ ಮಣ್ಣು. ಅಥಣಿಯ ಎರೆಮಣ್ಣೂ ಅಂಥದೇ ಲಾವಾ ಕಲ್ಲಿನಿಂದ ಆದದ್ದು. ಅಲ್ಲಿ ಬಳ್ಳಿಯನ್ನ ತಲೆ ಮೇಲೆ ಹಬ್ಬಿಸೋ 'ಪೆರ್ಗೋಲಾ', ನಮ್ಮಲ್ಲಿ ಚಪ್ಪರ. ಅಲ್ಲಿ ದ್ರಾಕ್ಷಿಯನ್ನ ಅಟ್ಟದಲ್ಲಿ ತಿಂಗಳುಗಟ್ಟಲೆ ಒಣಗಿಸಿ 'ರೆಚೋತೊ' ಅನ್ನೋ ಸಿಹಿ ವೈನ್ ಮಾಡ್ತಾರೆ. ನಮ್ಮಲ್ಲಿ ಶೆಡ್ಡಿನ ಬಲೆ ಮೇಲೆ ಸುಮಾರು 15 ದಿನ ಒಣಗಿಸಿ ಮಣೂಕ, ಅಂದ್ರೆ ಒಣದ್ರಾಕ್ಷಿ ಮಾಡ್ತಾರೆ.

ಹಾಗಾದ್ರೆ ಅಡ್ಡಿ ಏನು? ಹವಾಮಾನ. ಖಾನಾಪುರ, ಬೆಳಗಾವಿ ನಗರದ ಕಡೆ ಚಳಿಗಾಲದ ರಾತ್ರಿ ತಂಪು. ಹುಳಿ ಉಳಿಯೋಕೆ ಅದು ಒಳ್ಳೇದೇ. ಆದ್ರೆ ಮಳೆ! ಮಲಪ್ರಭಾ ಹುಟ್ಟೋ ಕಣಕುಂಬಿಯಲ್ಲಿ ವರ್ಷಕ್ಕೆ ಸಾವಿರಾರು ಮಿಲಿಮೀಟರ್ ಸುರಿಯುತ್ತೆ. ಎಲೆ ಒದ್ದೆಯಾಗಿದ್ದಷ್ಟೂ ಬೂಜು ತುಪ್ಪಟ ರೋಗ, ಅಂದ್ರೆ ರೈತರು ಹೇಳೋ 'ಡೌನಿ', ಹಬ್ಬುತ್ತೆ. ಅದಕ್ಕೇ ಖಾನಾಪುರದಲ್ಲಿ ಭತ್ತ, ಕಬ್ಬು, ಗೋಡಂಬಿ. ದ್ರಾಕ್ಷಿ ಚಪ್ಪರ ಇಲ್ಲ. ಇಟಲಿಯಲ್ಲೂ ಡೌನಿ ಬರುತ್ತೆ, ಆದ್ರೆ ಅಲ್ಲಿ ಮಳೆ ನಾಲ್ಕು ತಿಂಗಳು ಬಿಡದೆ ಹೊಡೆಯಲ್ಲ.

ಅಥಣಿಯಲ್ಲಿ ಉಲ್ಟಾ. ಮಳೆ ಕಡಿಮೆ, ಹವೆ ಒಣ, ದ್ರಾಕ್ಷಿಗೆ ಸರಿ. ಆದ್ರೆ ಬಳ್ಳಿಗೆ ಇಟಲಿಯ ಹಾಗೆ ಚಳಿಗಾಲದ ನಿದ್ದೆ ಸಿಗಲ್ಲ. ಅದಕ್ಕೇ ಏಪ್ರಿಲ್‌ನಲ್ಲಿ ಒಂದು, ಅಕ್ಟೋಬರ್ ಹೊತ್ತಿಗೆ ಇನ್ನೊಂದು, ಹೀಗೆ ವರ್ಷಕ್ಕೆ ಎರಡು ಚಾಟ್ನಿ ಮಾಡ್ತಾರೆ, ಅಂದ್ರೆ ಬಳ್ಳಿ ಕತ್ತರಿಸ್ತಾರೆ. ಹಣ್ಣು ಮಾಗೋದು ಫೆಬ್ರುವರಿ, ಮಾರ್ಚ್‌ನಲ್ಲಿ, ಬಿಸಿಲು ಏರೋ ಹೊತ್ತಿಗೆ. ಸೆಖೆ ಏರಿದ ಹಾಗೆ ಸಕ್ಕರೆ ಬೇಗ ಏರುತ್ತೆ, ಹುಳಿ ಬೇಗ ಇಳಿಯುತ್ತೆ.

ತಳಿಯೂ ಬೇರೆ. ಅಥಣಿಯಲ್ಲಿ ಹೆಚ್ಚಾಗಿರೋದು ಥಾಮ್ಸನ್ ಸೀಡ್‌ಲೆಸ್, ಅದರ ಕುಲದ ತಳಿಗಳು. ತಿನ್ನೋಕೆ, ಮಣೂಕಕ್ಕೆ ಚೆನ್ನ; ವೈನ್ ಮಾಡಿದ್ರೆ ವಾಸನೆ, ಹುಳಿ ಎರಡೂ ಕಮ್ಮಿ.

ಆಗೋದೇ ಇಲ್ಲ ಅಂತಲ್ಲ. ಸೊಲ್ಲಾಪುರ ಜಿಲ್ಲೆಯ ಅಕಲೂಜದಲ್ಲಿ ಇಟಲಿಯ ಸೆಕ್ಕಿ ಸಹೋದರರು ಭಾರತದ ಪಾಲುದಾರರ ಜೊತೆ ಸೇರಿ 'ಫ್ರಾತೆಲ್ಲಿ' ಕಂಪನಿ ಕಟ್ಟಿದ್ದಾರೆ. ಆ ಪದದ ಅರ್ಥವೇ 'ಅಣ್ಣತಮ್ಮಂದಿರು'. ಬಿಸಿ ಪ್ರದೇಶದಲ್ಲಿ ಬಿಳಿ ವೈನ್ ಮಾಡೋರು ಹಣ್ಣನ್ನ ಹುಳಿ ಇರುವಾಗಲೇ, ರಾತ್ರಿ ಅಥವಾ ನಸುಕಿನಲ್ಲಿ ಕೊಯ್ದು, ರಸವನ್ನ ತಣ್ಣಗಿನ ಟ್ಯಾಂಕಿನಲ್ಲಿ ಹುದುಗಿಸ್ತಾರೆ. ಕರ್ನಾಟಕ ಸರ್ಕಾರವೂ 2007ರಲ್ಲಿ ವೈನ್ ನೀತಿ ತಂದಿದೆ.

ಆದರೂ ಅಥಣಿಯ ರೈತ ಯಾಕೆ ಬದಲಾಯಿಸಲ್ಲ? ಅವನ ಜಾಗದಲ್ಲಿ ನಿಂತು ನೋಡಿ. ಸುಮಾರು ನಾಲ್ಕು ಕೆಜಿ ಹಣ್ಣಿಗೆ ಒಂದು ಕೆಜಿ ಮಣೂಕ. ಇವತ್ತು ತಾಸಗಾಂವ್, ಸಾಂಗ್ಲಿ ಮಾರುಕಟ್ಟೆಯಲ್ಲಿ ದರ ಬಿದ್ದಿದ್ದರೆ ಕೋಲ್ಡ್ ಸ್ಟೋರೇಜಿನಲ್ಲಿಟ್ಟು ಕಾಯಬಹುದು. ವೈನ್ ದ್ರಾಕ್ಷಿ ಹಾಗಲ್ಲ. ಕೊಯ್ದ ಕೂಡಲೇ ಹಿಂಡಬೇಕು, ತಿನ್ನೋ ಮಾರುಕಟ್ಟೆಯಲ್ಲಿ ಅದಕ್ಕೆ ಗಿರಾಕಿ ಇಲ್ಲ. ವೈನರಿ 'ಬೇಡ' ಅಂದ್ರೆ ಆ ವರ್ಷದ ಬೆಳೆ ಹೋದಂಗೆ. ಬಳ್ಳಿ ಹಚ್ಚಿದ ಮೇಲೆ ವರ್ಷಗಟ್ಟಲೆ ಅದೇ ತೋಟ. ಸಾಲ ಮಾಡಿ ಚಪ್ಪರ ಹಾಕಿದವನಿಗೆ ಕಾಯೋ ಅವಕಾಶವೇ ಬಂಡವಾಳ. ವೈನ್ ಗೊತ್ತಿಲ್ಲ ಅಂತ ಅವನು ಮಣೂಕ ಮಾಡ್ತಿಲ್ಲ, ಲೆಕ್ಕ ಗೊತ್ತಿದೆ ಅಂತ ಮಾಡ್ತಿದ್ದಾನೆ.

ಕೊನೆಗೆ ಎರಡು ಉಪಯೋಗದ ಮಾತು. ಲೇಬಲ್ ಮೇಲೆ 'ಸೋವಾವೆ ಕ್ಲಾಸಿಕೊ' ಅಂತಿದ್ದರೆ ಅದು ಹಳೆಯ ಗುಡ್ಡಗಳ ದ್ರಾಕ್ಷಿ. ಬರೀ 'ಸೋವಾವೆ' ಆದ್ರೆ ಬಯಲಿನದೂ ಇರಬಹುದು. ಇನ್ನೊಂದು, ಹಗುರ ಅಂದ್ರೆ ಅಮಲಿಲ್ಲ ಅಂತಲ್ಲ. ಇದರಲ್ಲೂ ನೂರಕ್ಕೆ ಸುಮಾರು 12 ಭಾಗ ಆಲ್ಕೋಹಾಲ್. ಕುಡಿದು ಚೋರ್ಲಾ ಘಾಟ್‌ನಲ್ಲಿ ಗಾಡಿ ಓಡಿಸಬೇಡಿ. ಗೋವಾದಿಂದ ಬಾಟಲಿ ತರೋಕೂ ಅಬಕಾರಿ ನಿಯಮ ಇದೆ, ಮೊದಲೇ ತಿಳ್ಕೊಳ್ಳಿ.

ನಿಮ್ಮ ಪ್ರಶ್ನೆ ಇದ್ದರೆ ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಸಿಗೋಣ.