ಹಳೇ ಲಾರಿಯ ಉಸಿರು ಹೇಳುವ ಮುಳ್ಳು

ಹಳೇ ಲಾರಿ ಸಾಕುವವರು ಡ್ಯಾಶ್‌ಬೋರ್ಡಿಗೆ ಒಂದು ವ್ಯಾಕ್ಯೂಮ್ ಗೇಜು ಹಾಕಿಸಿಕೊಳ್ಳಲೇಬೇಕು. ಎಂಜಿನ್ ಬಿಚ್ಚದೆ ಅದರ ಒಳಗಿನ ಸಮಾಚಾರ ತಿಳಿಸುವ ಇಷ್ಟು ಸರಳವಾದ ಸಾಧನ ಇನ್ನೊಂದಿಲ್ಲ. ಆದರೆ ಹೊಸಕೋಟೆ ಪಕ್ಕದ ಪಿಲ್ಲಗುಂಪೆ ಕೈಗಾರಿಕಾ ಪ್ರದೇಶದಂಥ ಕಡೆ ಪುಸ್ತಕದ ಅಂಕಿ ಹಿಡಿದುಕೊಂಡು ಮುಳ್ಳು ನೋಡಿದರೆ, ಗಟ್ಟಿಮುಟ್ಟಾದ ಎಂಜಿನ್ನಿಗೂ ಕಾಯಿಲೆ ಎಂದುಬಿಡುತ್ತೇವೆ.

ಕಾರಣ ನಮ್ಮ ನೆಲದ ಎತ್ತರ. ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ಇಳಿಯುತ್ತದೆ ಎಂಬುದನ್ನು 1648ರಲ್ಲಿ ಫ್ರಾನ್ಸಿನ ಪಾಸ್ಕಲ್, ತನ್ನ ಭಾವ ಪೆರಿಯೆಯ ಕೈಯಲ್ಲಿ ಪಾದರಸದ ಕೊಳವೆಯನ್ನು ಬೆಟ್ಟ ಹತ್ತಿಸಿ ತೋರಿಸಿದ್ದ. ಸಮುದ್ರ ದಡದಲ್ಲಿ ಪಾದರಸ 760 ಮಿ.ಮೀ. ನಿಂತರೆ, ಸುಮಾರು 900 ಮೀಟರ್ ಎತ್ತರದ ಈ ಸೀಮೆಯಲ್ಲಿ ನಿಲ್ಲುವುದು 680ರ ಆಸುಪಾಸು. ಹಾಗಾಗಿ ಐಡಲಿಂಗ್‌ನಲ್ಲಿ 17ರಿಂದ 21 ಇಂಚು ತೋರಿಸಬೇಕಾದ ಪೆಟ್ರೋಲ್ ಎಂಜಿನ್ ಇಲ್ಲಿ 14ರಿಂದ 18 ತೋರಿಸಿದರೆ ಅದು ಆರೋಗ್ಯವೇ. ಅದೇ ಲಾರಿ ಚೆನ್ನೈ ಸೇರುವಷ್ಟರಲ್ಲಿ, ಯಾರೂ ಸ್ಪ್ಯಾನರ್ ಮುಟ್ಟದಿದ್ದರೂ, ಮುಳ್ಳು ಮೂರು ಇಂಚು ಮೇಲೇರಿರುತ್ತದೆ.

ಜೋಡಿಸುವ ಕೆಲಸದಲ್ಲಿ ಮುಖ್ಯವಾದದ್ದು ಪೈಪನ್ನು ಎಲ್ಲಿಂದ ಎಳೆಯಬೇಕು ಎಂಬುದು. ಡಾಡ್ಜ್, ಫಾರ್ಗೋ, ಬೆಡ್‌ಫೋರ್ಡ್, ಜಬಲ್ಪುರದಲ್ಲಿ ಸೇನೆಗೆಂದು ತಯಾರಾಗುತ್ತಿದ್ದ ನಿಸಾನ್ ಒನ್ ಟನ್ ಇಂಥ ಹಳೇ ಪೆಟ್ರೋಲ್ ಗಾಡಿಗಳಲ್ಲಿ ಇನ್‌ಟೇಕ್ ಮ್ಯಾನಿಫೋಲ್ಡಿನಿಂದಲೇ ತೆಗೆಯಬೇಕು. ಕಾರ್ಬ್ಯುರೇಟರಿನಲ್ಲಿ ಥ್ರಾಟಲ್ ತಟ್ಟೆಗಿಂತ ಮೇಲಿರುವ ತೂತಿಗೆ ಸಿಕ್ಕಿಸಿದರೆ ಐಡಲಿಂಗ್‌ನಲ್ಲಿ ಮುಳ್ಳು ಸೊನ್ನೆ ಬಿಟ್ಟು ಏಳುವುದಿಲ್ಲ. ಮ್ಯಾನಿಫೋಲ್ಡಿನಲ್ಲಿ ಬೇರೆ ತೂತಿಲ್ಲದಿದ್ದರೆ ಅಲ್ಲಿಂದ ಹೊರಟ ಪೈಪಿಗೇ ಒಂದು ಹಿತ್ತಾಳೆಯ 'ಟಿ' ಹಾಕಿದರಾಯಿತು. ಪೈಪು ಗೋಡೆ ದಪ್ಪವಿರುವ ವ್ಯಾಕ್ಯೂಮ್ ಹೋಸೇ ಆಗಬೇಕು. ಮೆತ್ತನೆಯದು ಬಿಸಿಗೆ ಸೊರಗಿ ಒಳಕ್ಕೆ ಅಂಟಿಕೊಳ್ಳುತ್ತದೆ. ಸೈಲೆನ್ಸರ್ ಪೈಪಿನಿಂದ ದೂರ ಒಯ್ದು, ಕ್ಯಾಬಿನ್ ತಗಡು ದಾಟುವಲ್ಲಿ ರಬ್ಬರ್ ವಾಷರ್ ಕೂರಿಸಬೇಕು, ಇಲ್ಲದಿದ್ದರೆ ತಗಡಿನ ಅಂಚೇ ಪೈಪನ್ನು ಕೊಯ್ಯುತ್ತದೆ. ಮುಳ್ಳು ತೀರ ನಡುಗುತ್ತಿದ್ದರೆ ಪೈಪಿನೊಳಗೆ ಸಣ್ಣ ತೂತಿನ ಜೆಟ್ ಒಂದನ್ನು ತೂರಿಸಿದರೆ ಸುಧಾರಿಸುತ್ತದೆ. ಆದರೆ ಪೂರ್ತಿ ಅಲುಗಾಡದಂತೆ ಮಾಡಬಾರದು, ಆ ನಡುಕದಲ್ಲೇ ಸುದ್ದಿ ಇರುವುದು.

ಮುಳ್ಳು ಒಂದೇ ಲಯದಲ್ಲಿ ಟಕ್ ಟಕ್ ಎಂದು ಕೆಳಗೆ ಬೀಳುತ್ತಿದ್ದರೆ ಯಾವುದೋ ವಾಲ್ವು ಸುಟ್ಟಿದೆ ಅಥವಾ ಹೆಡ್ ಗ್ಯಾಸ್ಕೆಟ್ ಹೋಗಿದೆ. ಅಲುಗದೆ ಕೆಳಗೇ ನಿಂತಿದ್ದರೆ ಎಲ್ಲೋ ಗಾಳಿ ಸೋರುತ್ತಿದೆ, ಇಲ್ಲವೇ ಟೈಮಿಂಗ್ ಹಿಂದಾಗಿದೆ. ಎಂಜಿನ್ ವೇಗ ಏರಿಸಿ ಹಿಡಿದಾಗ ನಿಧಾನವಾಗಿ ಇಳಿಯುತ್ತಾ ಹೋದರೆ ಸೈಲೆನ್ಸರ್ ಕಟ್ಟಿಕೊಂಡಿರಬಹುದು.

ಡೀಸೆಲ್ ಗಾಡಿಯ ಕತೆ ಬೇರೆ. ಅಲ್ಲಿ ಗಾಳಿ ತಡೆಯುವ ಥ್ರಾಟಲ್ಲೇ ಇಲ್ಲ, ಮ್ಯಾನಿಫೋಲ್ಡಿನಲ್ಲಿ ಎಳೆತ ಸಿಗುವುದಿಲ್ಲ. 1986ರಲ್ಲಿ ಬಂದ ಟಾಟಾ 407ರಂಥವುಗಳಲ್ಲಿ ಬ್ರೇಕ್ ಬೂಸ್ಟರಿಗೆ ಬೇಕಾದ ವ್ಯಾಕ್ಯೂಮನ್ನು ಎಕ್ಸಾಸ್ಟರ್ ಪಂಪು ಎಳೆದು ಟ್ಯಾಂಕಿನಲ್ಲಿ ಕೂಡಿಡುತ್ತದೆ. ಗೇಜನ್ನು ನಾನ್‌ರಿಟರ್ನ್ ವಾಲ್ವಿನಿಂದ ಆಚೆ, ಟ್ಯಾಂಕಿನ ಕಡೆಗೇ ಜೋಡಿಸಬೇಕು. ಈ ಜಾಯಿಂಟು ಸೋರಿದರೆ ಬ್ರೇಕಿಗೇ ಪೆಟ್ಟು, ಆದ್ದರಿಂದ ಇಲ್ಲಿ ಕ್ಲಿಪ್ಪಿನ ವಿಷಯದಲ್ಲಿ ಜಿಪುಣತನ ಕೂಡದು. ಪೂರ್ಣ ಬಲದ ಏರ್ ಬ್ರೇಕಿನ ದೊಡ್ಡ ಲಾರಿಗಳಿಗೆ ಇದರ ಗೊಡವೆಯಿಲ್ಲ. ಅಲ್ಲಿ ನೋಡಬೇಕಾದದ್ದು ಗಾಳಿ ಒತ್ತಡದ ಗೇಜು.

ಮುಳ್ಳು ಏರಿ ನಿಂತ ಮೇಲೆ ಎಂಜಿನ್ ಆಫ್ ಮಾಡಿ, ಪೆಡಲ್ ಮುಟ್ಟದೆ ಸುಮ್ಮನೆ ನೋಡಬೇಕು. ಅದು ತಾನಾಗಿ ಬೇಗ ಬೇಗ ಇಳಿದರೆ ಪೈಪು, ವಾಲ್ವು ಅಥವಾ ಬೂಸ್ಟರಿನ ಡಯಾಫ್ರಂ ಸೋರುತ್ತಿದೆ. ನಿಂತೇ ಇದ್ದರೆ ಪೆಡಲ್ ಒತ್ತಿ ಒತ್ತಿ ಬಿಡಬೇಕು: ಪ್ರತಿ ಒತ್ತಿಗೂ ಮುಳ್ಳು ಒಂದೊಂದು ಮೆಟ್ಟಿಲು ಇಳಿದು, ಕೊನೆಗೆ ಪೆಡಲ್ ಕಲ್ಲಿನಂತಾಗುತ್ತದೆ. ಎಷ್ಟು ಒತ್ತಿಗೆ ಹಾಗಾಯಿತು ಎಂದು ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಆ ಎಣಿಕೆ ಮುಂಚಿಗಿಂತ ಕಡಿಮೆಯಾಗಿದೆ ಎಂದು ಕಂಡ ದಿನ, ಲಾರಿಯನ್ನು ಪಲಮನೇರು ದಾಟಿಸಿ ಮೊಗಿಲಿ ಘಾಟಿಗೆ ಇಳಿಸಬಾರದು.